ಗೀರುಬಿದ್ದ ಟುಲಿಪ್ಪಿನ ಮೂರನೆಯ ಬಣ್ಣ

ಕಣ್ಣಿಗೆ ಬಿದ್ದ ಕೂಡಲೇ ಕೈ ಹೋಗಿ ಕಿತ್ತಿತ್ತು. ಇಪ್ಪತ್ತೆಂಟು ವರ್ಷದ ರೂಢಿ.

ಮೈಂಡರ್ಟ್‌ನ ಕಸುಬೇ ಅದು. ಏಪ್ರಿಲ್ ಬಂತೆಂದರೆ ಟುಲಿಪ್ ಸಾಲುಗಳ ನಡುವೆ ತಲೆ ತಗ್ಗಿಸಿ ನಡೆಯುವುದು, ರೋಗ ತಗುಲಿ ದಳಕ್ಕೆ ಗೀರು ಬಿದ್ದ ಹೂವನ್ನು ಗೆಡ್ಡೆಸಮೇತ ಕಿತ್ತು ಚೀಲಕ್ಕೆ ಹಾಕುವುದು. ಒಂದನ್ನು ಬಿಟ್ಟರೂ ಹೊಲವೆಲ್ಲ ಕೆಡುತ್ತದೆ.

"ಅಯ್ಯೋ, ಕೊಲೆಗಾರ!"

ಕಾಲುವೆಯ ಆಚೆ ದಡದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಒಬ್ಬಳು ಕೂತಿದ್ದಳು. ತೊಡೆಯ ಮೇಲೆ ಕಾಗದ, ಕಾಗದದ ಮೇಲೆ ಅರ್ಧ ಹೂವು.

"ಬೆಳಿಗ್ಗೆ ಏಳರಿಂದ ಅದನ್ನೇ ಬರೀತಿದೀನಿ ಕಣ್ರೀ. ಲಕ್ಷ ಹೂವಿದೆ ಇಲ್ಲಿ, ನಿಮಗೆ ಅದೇ ಬೇಕಿತ್ತಾ?"

"ನಿಮಗೂ ಅದೇ ಬೇಕಿತ್ತಾ? ರೋಗದ್ದು ಅದು."

"ಇರೋದ್ರಲ್ಲಿ ಅದೊಂದಕ್ಕೇ ಮುಖ ಅಂತ ಇತ್ತು."

ಮೈಂಡರ್ಟ್ ಕೈಯಲ್ಲಿದ್ದುದನ್ನು ನೋಡಿದ. ಹಳದಿ ದಳ, ಬುಡದಿಂದ ಮೇಲಕ್ಕೆ ಹತ್ತಿದ ಕೆಂಪು ಉರಿ. ಇಷ್ಟು ವರ್ಷ ಕಿತ್ತದ್ದರಲ್ಲಿ ಒಂದನ್ನೂ ಅವನು ಹೀಗೆ ನಿಂತು ನೋಡಿರಲಿಲ್ಲ.

ಅಂದು ಸಂಜೆ ಆ ಹೂವನ್ನು ಬಕೆಟ್ಟಿನಲ್ಲಿಟ್ಟು ಅವಳು ಹೇಳಿದ ಗುರುತು ಹಿಡಿದು ಪೇಟೆಯ ಅವಳ ಅಚ್ಚಿನ ಮನೆಗೆ ಒಯ್ದ. ಅವಳ ಹೆಸರು ಅಲೈದಾ. ಲಿನೋ ಹಲಗೆಯಲ್ಲಿ ಚಿತ್ರ ಕೆತ್ತಿ ಕಾಗದಕ್ಕೆ ಒತ್ತುವವಳು.

"ಕಿಟಕಿ ತೆಗೀಬೇಡಿ, ರೋಗ ಹರಡುತ್ತೆ. ಒಣಗಿದ ಮೇಲೆ ನಾನೇ ಬಂದು ಸುಡ್ತೀನಿ," ಎಂದ.

ಮರುದಿನ ಬರಲು ಅಷ್ಟು ನೆಪ ಸಾಕಾಯಿತು.

"ನೋಡಿ, ನಿಮ್ಮ ಹೂವು ರಾತ್ರೋರಾತ್ರಿ ಬಗ್ಗಿ ಕೂತಿದೆ. ಕಿತ್ತ ಮೇಲೂ ಬೆಳೆಯುತ್ತಾ?"

"ಟುಲಿಪ್ಪಿಗೆ ಹಠ ಜಾಸ್ತಿ."

"ಸಾಕಿದವರ ಥರಾನೇ," ಎಂದಳು. ಕಣ್ಣು ಮಾತ್ರ ಹಲಗೆಯ ಮೇಲೇ ಇತ್ತು.

ಹಲಗೆ ಒಂದೇ. ಮೊದಲು ಹಳದಿ ಒತ್ತಿದಳು. ಅದೇ ಹಲಗೆಯನ್ನು ಇನ್ನಷ್ಟು ಕೆತ್ತಿ, ಅದೇ ಕಾಗದಗಳ ಮೇಲೆ ಕೆಂಪು. ಇನ್ನೊಮ್ಮೆ ಕೆತ್ತಿದರೆ ಕಡೆಯ ಕಪ್ಪುಗೆಂಪು. ಕೆತ್ತಿದ್ದು ವಾಪಸು ಬರುವುದಿಲ್ಲ, ಕಡೆಯ ಬಣ್ಣ ಬಿದ್ದ ಮೇಲೆ ಹಲಗೆಯ ಕಥೆಯೂ ಮುಗಿದಂತೆ.

ಮೈಂಡರ್ಟ್ ದಿನವೂ ಒಂದು ರೋಗದ ಹೂವು ತಂದ. ಅವಳು ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಿದ್ದಳು. ಎರಡನೆಯ ವಾರ ಡಬ್ಬಿ ಮುಚ್ಚಲಿಲ್ಲ. ಅವಳ ಉಗುರಿನ ಸುತ್ತ ಕೂತ ಕೆಂಪು ಮಸಿಯನ್ನು ನೋಡುತ್ತ ಅವನು ಕಾಫಿ ಆರಿಸಿಕೊಳ್ಳುತ್ತಿದ್ದ.

"ಅಲ್ಲೂ ರೋಗ ಹುಡುಕ್ತಿದೀರಾ?"

ಅವನ ಕಿವಿ ಬಿಸಿಯಾಯಿತು.

ಮೇ ಮೊದಲ ವಾರ ಯಂತ್ರ ಬಂತು. ಗೆಡ್ಡೆ ದಪ್ಪವಾಗಲೆಂದು ಹೊಲದ ಹೂವುಗಳ ತಲೆಯನ್ನೆಲ್ಲ ಕತ್ತರಿಸಿ ಹಾಕಿತು. ಒಂದೇ ಮಧ್ಯಾಹ್ನದಲ್ಲಿ ಹೊಲ ಬರೀ ಹಸಿರು. ಮೈಂಡರ್ಟ್ ಬದುವಿನ ಮೇಲೆ ನಿಂತ. ಹೂವಿಲ್ಲದ ಮೇಲೆ ಯಾವ ಮುಖ ಹೊತ್ತುಕೊಂಡು ಅವಳಲ್ಲಿಗೆ ಹೋಗುವುದು?

ನಾಲ್ಕು ದಿನ ಹೋಗಲಿಲ್ಲ. ಐದನೆಯ ದಿನ ಸೈಕಲ್ಲಿನಲ್ಲಿ ಅವಳ ಬೀದಿಯನ್ನು ಎರಡು ಸಲ ದಾಟಿ, ಮೂರನೆಯ ಸಲ ಇಳಿದ.

"ಹೂವಿಲ್ಲ ಇವತ್ತು," ಎಂದ ಬಾಗಿಲಲ್ಲೇ.

"ಮತ್ತೆ ಯಾಕೆ ಬಂದ್ರಿ?"

"ನಿಮ್ಮನ್ನ ನೋಡೋಕೆ. ಹೂವು ಬರೀ ನೆಪ."

ಅಲೈದಾ ದಾರದ ಮೇಲೆ ನೇತುಹಾಕಿದ್ದ ಕಾಗದಗಳತ್ತ ಕೈ ತೋರಿದಳು. ಹಳದಿ ಇತ್ತು, ಕೆಂಪು ಇತ್ತು. ಮೂರನೆಯದು ಇರಲಿಲ್ಲ.

"ಹಲಗೆ ಕೆತ್ತಿ ಹತ್ತು ದಿನ ಆಯ್ತು. ಒತ್ತಿಬಿಟ್ರೆ ಕೆಲಸ ಮುಗಿಯುತ್ತೆ, ನೀನು ಬರೋದು ನಿಲ್ಲುತ್ತೆ ಅಂತ ಸುಮ್ನೆ ಕೂತಿದೀನಿ. ಇನ್ನೂ ಬಾಗಿಲಲ್ಲೇ ನಿಂತಿರ್ತೀಯಾ?"

ಅವಳು ಮಸಿ ಹಚ್ಚಿದಳು, ಅವನು ಅಚ್ಚುಯಂತ್ರದ ಚಕ್ರ ತಿರುಗಿಸಿದ. ಮೊದಲ ಕಾಗದವನ್ನು ಇಬ್ಬರೂ ಒಂದೊಂದು ತುದಿ ಹಿಡಿದು ಎತ್ತಿದರು. ಕಪ್ಪುಗೆಂಪು ಬಿದ್ದು ಹೂವು ಉಸಿರಾಡುವಂತಿತ್ತು.

ಆರಕ್ಕೆ ಚರ್ಚಿನ ಗಂಟೆ ಹೊಡೆಯಿತು. ಅಲ್ಲಿ ರಾತ್ರಿಯೂಟ ಅದೇ ಹೊತ್ತಿಗೆ; ಮನೆಗೆ ಬಂದವರು ಅಷ್ಟರಲ್ಲಿ ಎದ್ದು ಹೊರಡುವುದು ಆ ಕಡೆಯ ಮರ್ಯಾದೆ. ಮೈಂಡರ್ಟ್ ಕೈ ಒರೆಸಿಕೊಂಡು ಜಾಕೆಟ್ಟು ತೆಗೆದುಕೊಂಡ.

ಅಲೈದಾ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಿದ್ದಳು.

"ಕೂತ್ಕೋ. ಅಸ್ಪ್ಯಾರಗಸ್ ದಂಟು ಇಬ್ಬರಿಗಾಗೋಷ್ಟು ಸುಲಿದಿಟ್ಟಿದೀನಿ."

"ಯಾವಾಗ ಸುಲಿದೆ? ನಾನೀಗ ತಾನೇ ಬಂದಿದ್ದು."

"ನಾಲ್ಕು ದಿನದಿಂದ ಇಬ್ಬರಿಗೇ ಸುಲೀತಿದೀನಿ," ಎಂದಳು, ಒಲೆಯ ಕಡೆ ತಿರುಗಿಕೊಂಡು.