ಒಂದೇ ಗುಂಡಿ, ಎರಡು ನಂಬರ್

ಮೂರು ಮಧ್ಯಾಹ್ನಗಳಿಂದ ನಮ್ಮಿಬ್ಬರ ನಡುವೆ ನಡೆದದ್ದು ಇಷ್ಟೇ ಮಾತು.

"ಒತ್ತಿ."

"ಒತ್ತಿದೆ."

"ಬಿಡಿ."

ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟಿದ್ದೆವು. ಬೆಳಕು ಬಿದ್ದರೆ ರಿಮೋಟಿನ ಸಿಗ್ನಲ್ ಕೆಡುತ್ತದೆ ಎಂದು ನಂಜುಂಡೇಶ್ ಹೇಳಿದ್ದರು. ಟೀ ತಂದ ಪಕ್ಕದ ಟೀ ಅಂಗಡಿಯ ಪಂಕಜಂ ಬಾಗಿಲು ತಳ್ಳಿದವಳು, ಕತ್ತಲಲ್ಲಿ ಅಕ್ಕಪಕ್ಕ ಕೂತ ನಮ್ಮನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

"ಎಂತಾ ಟೀಚರೇ, ಕರೆಂಟ್ ಇಲ್ಲೇ?" ಎಂದು ತನ್ನ ಮಲಯಾಳದಲ್ಲಿ ಕೇಳಿದಳು.

"ಇದೆ ಪಂಕಜಂ. ಇದು ಕೆಲಸ."

"ಸರಿ ಸರಿ," ಎಂದು ನಕ್ಕು, ಟೀ ಇಟ್ಟು, ಬಾಗಿಲನ್ನು ಬೇಕೆಂದೇ ಭದ್ರವಾಗಿ ಎಳೆದುಕೊಂಡು ಹೋದಳು. ನಂಜುಂಡೇಶ್ ಅವರ ಕಿವಿ ಕೆಂಪಾದದ್ದು ಮಾನಿಟರಿನ ಬೆಳಕಿನಲ್ಲೂ ಕಂಡಿತು. ಅವಳು ನಗುವಷ್ಟಾದರೂ ಏನಾದರೂ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಇದು 2004ರ ಮಾರ್ಚ್ ತಿಂಗಳ ಮಾತು. ಗೂಡಲೂರಿನಲ್ಲಿ ನಮ್ಮ ಮನೆಯ ಕೆಳಗಿನ ಕೋಣೆಯೇ ನನ್ನ ಕಂಪ್ಯೂಟರ್ ಸೆಂಟರ್. ನಾಲ್ಕು ಕಂಪ್ಯೂಟರ್, ಅದರಲ್ಲಿ ಮೂರು ಓಡುತ್ತವೆ. ರಸ್ತೆಯ ಆಚೆ ಬದಿಗೆ ನಂಜುಂಡೇಶ್ ಅವರ ಟಿವಿ ರಿಪೇರಿ ಅಂಗಡಿ. ಬೊಕ್ಕಾಪುರಂನ ಒಂದು ರೆಸಾರ್ಟ್‌ನವರು ಎಲ್ಲಿಂದಲೋ ಹನ್ನೆರಡು ಫಾರಿನ್ ಟಿವಿ ತಂದು ಹಾಕಿದ್ದರು. ರಿಮೋಟುಗಳನ್ನು ಕೋತಿಗಳು ಒಂದೊಂದಾಗಿ ಹೊತ್ತೊಯ್ದು, ಈಗ ಹನ್ನೆರಡು ಕಾಟೇಜಿಗೂ ಉಳಿದದ್ದು ಒಂದೇ. ಅದರ ಪ್ರತಿ ಗುಂಡಿಯೂ ಕಳಿಸುವ ನಂಬರನ್ನು ಕಂಪ್ಯೂಟರಿನಲ್ಲಿ ಓದಿ ಬರೆದುಕೊಂಡರೆ ಬೇರೆ ರಿಮೋಟುಗಳಿಗೆ ತುಂಬಬಹುದು. ಓದುವ ಸಾಫ್ಟ್‌ವೇರನ್ನು ನಾನು ಎರಡು ಗಂಟೆ ಕಾದು ನೆಟ್‌ನಿಂದ ಇಳಿಸಿಕೊಂಡಿದ್ದೆ. ಸಿಗ್ನಲ್ ಹಿಡಿಯುವ ಮೂರು ಕಾಲಿನ ಪುಟ್ಟ ಸಾಮಾನನ್ನು ಅವರು ವೈರ್‌ಗೆ ಸೋಲ್ಡರ್ ಮಾಡಿ ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದರು.

ಕೆಲಸ ಮಾತ್ರ ಮುಂದೆ ಹೋಗಲಿಲ್ಲ. ವಾಲ್ಯೂಮ್ ಗುಂಡಿಗೆ ಒಮ್ಮೆ 1010 ಬಂದರೆ ಇನ್ನೊಮ್ಮೆ 1810. ಬ್ಯಾಟರಿ ಬದಲಿಸಿದೆವು, ವೈರ್ ಬದಲಿಸಿದೆವು. ಒಂದೇ ಗುಂಡಿಗೆ ಎರಡು ನಂಬರ್.

"ರಿಮೋಟೇ ಸುಳ್ಳು ಹೇಳ್ತಿದೆ ಟೀಚರ್."

"ಒಂದು ಮಾತಿಗೆ ನಿಲ್ಲೋಕೆ ಹೇಳಿ ಅದಕ್ಕೆ."

"ಮನುಷ್ಯರೇ ನಿಲ್ಲಲ್ಲ, ಪಾಪ ಅದೇನು ನಿಲ್ಲುತ್ತೆ?" ಎಂದು ನನ್ನತ್ತ ಒಂದು ಓರೆನೋಟ ಬಿಟ್ಟರು. ನಾನು ತಿರುಗುವಷ್ಟರಲ್ಲಿ ಆ ನೋಟ ರಿಮೋಟಿನ ಬೆನ್ನಿನ ಸ್ಕ್ರೂ ಮೇಲಿತ್ತು.

ಈ ಓರೆನೋಟದಿಂದಲೇ ನನಗೆ ಸುಸ್ತು. ಮೂರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಯುಪಿಎಸ್ ಬಿಚ್ಚಿಕೊಂಡು ಕೂತಿದ್ದಾಗ, ತಲೆ ಎತ್ತದೆ, ತಮ್ಮನ್ನು ಮದುವೆ ಆಗ್ತೀರಾ ಎಂದು ಕೇಳಿದ್ದರು. ಆಗ ಅಪ್ಪ ಹೋಗಿ ವರ್ಷವಾಗಿರಲಿಲ್ಲ, ತಂಗಿ ಗೀತಾಂಜಲಿಯ ಮದುವೆ ನನ್ನ ತಲೆಯ ಮೇಲಿತ್ತು. ಆಗಲ್ಲ ಎಂದುಬಿಟ್ಟೆ. ಅವರು ಸ್ಕ್ರೂ ಬಿಗಿ ಮಾಡಿ, ಟೀ ಕುಡಿದು ಹೋದರು. ಅಲ್ಲಿಂದೀಚೆಗೆ ದಿನವೂ ಬರುತ್ತಾರೆ. ಮೌಸ್ ಒರೆಸಲು, ಫ್ಯೂಸ್ ಹಾಕಲು, ಏನೂ ಕೆಡದ ದಿನ ಏನೂ ಕೆಟ್ಟಿಲ್ಲವಲ್ಲ ಎಂದು ವಿಚಾರಿಸಲು. ಗೀತಾಳ ಮದುವೆಗೆ ಮೈಕ್ ಸೆಟ್ ಹಾಕಿದವರೂ ಅವರೇ. ಅದಾಗಿ ಎರಡು ವರ್ಷವಾಯಿತು, ಮತ್ತೆ ಕೇಳಲೇ ಇಲ್ಲ.

ನೀನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಬೇಡ ಎಂದ ಬಾಯಿಂದಲೇ ಬೇಕು ಎನ್ನುವ ಧೈರ್ಯ, ದಿನಕ್ಕೆ ನಾಲ್ಕು ಬ್ಯಾಚಿಗೆ ಪಾಠ ಮಾಡಿ, ಅಮ್ಮನ ಮಂಡಿಗೆ ಎಣ್ಣೆ ತಿಕ್ಕಿ ಮಲಗುವವಳಿಗೆ ಎಲ್ಲಿಂದ ಬರಬೇಕು? ಈಗ ಚಾಮರಾಜನಗರದ ಚಿಕ್ಕಪ್ಪ ಒಂದು ಸಂಬಂಧ ತಂದಿದ್ದರು. ಹೆಂಡತಿ ತೀರಿಕೊಂಡ ಮೇಷ್ಟ್ರು, ಒಳ್ಳೆಯವರಂತೆ. ಭಾನುವಾರ ನೋಡಲು ಬರುವವರಿದ್ದರು. ದಣಿದವಳಿಗೆ 'ಆಗಲಿ' ಎನ್ನುವುದು ಬಹಳ ಸುಲಭ, ನನ್ನ ಭಯವೂ ಅದೇ. ವಿಷಯವನ್ನು ನಂಜುಂಡೇಶ್‌ಗೆ ಮೊದಲ ದಿನವೇ ತಿಳಿಸಿದ್ದೆ. "ಹೌದಾ, ಒಳ್ಳೇದಾಯ್ತು," ಎಂದು ರಿಮೋಟಿನ ಬ್ಯಾಟರಿ ಮುಚ್ಚಳವನ್ನು ನಾಲ್ಕು ಸಲ ತೆಗೆದು ಹಾಕಿದ್ದರು.

ಅಂದು ಗುರುವಾರ. "ಒತ್ತಿ," ಎಂದೆ.

ಪರದೆಯ ಮೇಲೆ 1010 ಬಂತು. ಕೆಳಗೆ ಇನ್ನೊಂದು 1010, ಅದರ ಕೆಳಗೆ ಇನ್ನೊಂದು. ಬರುತ್ತಲೇ ಇತ್ತು. ತಿರುಗಿ ನೋಡಿದರೆ ಅವರು ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡೇ ನಿದ್ದೆ ಹೋಗಿದ್ದರು. ಹಿಂದಿನ ದಿನ ಸಂಜೆ ಮೋಯಾರ್ ಕಡೆ ಡಿಶ್ ಕಟ್ಟಲು ಹೋಗಿದ್ದವರಿಗೆ, ರಸ್ತೆಯಲ್ಲಿ ಆನೆ ನಿಂತು ಬಸ್ಸು ಮೂರು ಗಂಟೆ ತಡವಾಗಿತ್ತು.

ಬಿಡಿ ಎನ್ನಬೇಕಿತ್ತು, ಅನ್ನಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಹೆಬ್ಬೆರಳಿನ ಮೇಲೆ ಸೋಲ್ಡರ್ ಸುಟ್ಟ ಹಳೆಯ ಕಲೆ. ಎಚ್ಚರವಿದ್ದಾಗ ಒಂದು ಕ್ಷಣಕ್ಕೂ ಕಣ್ಣಿಗೆ ಸಿಗದ ಮುಖ, ಈಗ ಪೂರ್ತಿ ನನ್ನ ಕಡೆಗಿತ್ತು. ನನಗೆ ಈ ಮನುಷ್ಯನೇ ಬೇಕು, ಬೇರೆ ಯಾರೂ ಬೇಡ ಎಂದು ಅನಿಸಿತು. ಪರದೆ ತುಂಬಿ ಮೇಲಕ್ಕೆ ಸರಿಯುತ್ತಿತ್ತು, ಎಲ್ಲವೂ 1010.

ಹೊರಗೆ ಜೀಪೊಂದು ಹಾರ್ನ್ ಹೊಡೆಯಿತು. ಅವರು ಬೆಚ್ಚಿಬಿದ್ದರು. "ಅಯ್ಯೋ, ಸಾರಿ ಟೀಚರ್!" ಬೆರಳು ಎತ್ತಿ, ಗಾಬರಿಯಲ್ಲಿ ಮತ್ತೆ ಅದೇ ಗುಂಡಿ ಒತ್ತಿದರು. 1810.

"ಬಿಡಿ. ಇನ್ನೊಂದ್ಸಲ ಒತ್ತಿ."

1010.

"ಮತ್ತೆ."

1810.

"ರಿಮೋಟ್ ಸುಳ್ಳು ಹೇಳ್ತಿಲ್ಲ ರೀ!" ಎಂದೆ. "ಒತ್ತಿ ಹಿಡ್ಕೊಂಡಿರೋವರೆಗೂ ಅದೇ ನಂಬರ್. ಬಿಟ್ಟು ಒತ್ತಿದ್ರೆ ಬದಲಾಗುತ್ತೆ. ಹೊಸದಾಗಿ ಒತ್ತಿದ್ದು ಅಂತ ಟಿವಿಗೆ ಗೊತ್ತಾಗಬೇಕಲ್ಲ."

"ಹೌದಲ್ವಾ!" ಅವರ ನಿದ್ದೆ ಹಾರಿಹೋಯಿತು. "ಪವರ್ ಗುಂಡಿ ಹಿಡ್ಕೊಂಡ್ರೆ ಸೆಟ್ಟು ಆನ್ ಆಫ್ ಆನ್ ಆಫ್ ಅಂತ ಕುಣಿಯಲ್ಲ. ಎಷ್ಟು ಹೊತ್ತು ಹಿಡಿದ್ರೂ ಅದಕ್ಕೆ ಒಂದೇ ಸಲ ಕೇಳಿದ ಲೆಕ್ಕ."

"ಮೂರು ವರ್ಷ ಹಿಡಿದ್ರೂ?"

ಬಾಯಿಂದ ಬಂದ ಮೇಲೆ ನಾನು ಏನಂದೆ ಎಂದು ನನಗೇ ಗೊತ್ತಾಯಿತು. ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು, ತುಂಬ ಹೊತ್ತು ಒರೆಸಿದರು.

"ಬೇಡ ಅಂದವರನ್ನ ಮತ್ತೆ ಕೇಳೋದು ಪೀಡಿಸಿದ ಹಾಗಲ್ವಾ ಟೀಚರ್?"

"ಕೇಳದೆ ದಿನಾ ಬಂದು ಕೂರೋದು?"

"ಬರಬೇಡಿ ಅಂತ ನೀವು ಯಾವತ್ತೂ ಅನ್ನಲಿಲ್ಲ."

"ಅಷ್ಟಾದ್ರೂ ಅರ್ಥ ಆಗಬೇಕಿತ್ತು ನಿಮಗೆ." ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದೆ. "ನನಗೆ ಸಾಕಾಗಿದೆ ನಂಜುಂಡೇಶ್. ಭಾನುವಾರ ಬರೋರಿಗೆ ಬರೀ ಸುಸ್ತಿಗೇ ಹ್ಞೂ ಅಂದುಬಿಡ್ತೀನೇನೋ ಅಂತ ಭಯ ಆಗ್ತಿದೆ."

ಇಷ್ಟು ಹೇಳಿ, ಕೀಬೋರ್ಡಿನ ಪಕ್ಕ ತಲೆಯಿಟ್ಟು ಅತ್ತುಬಿಟ್ಟೆ. ಅವರು ರಿಮೋಟನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು.

"ಶೋಭಾ."

ಟೀಚರ್ ಅಲ್ಲ, ಅವರೇ ಇವರೇ ಅಲ್ಲ. ತಲೆ ಎತ್ತಿದೆ. ಈ ಸಲ ಅವರು ಸ್ಕ್ರೂ ನೋಡುತ್ತಿರಲಿಲ್ಲ, ನೇರ ನನ್ನ ಕಣ್ಣನ್ನೇ ನೋಡುತ್ತಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು.

"ನನಗೂ ಸುಸ್ತಾಗಿದೆ. ಮೂವತ್ತೇಳಾಯ್ತು. ಅಂಗಡಿ ಬಿಟ್ರೆ ಬೇರೆ ಏನೂ ಇಲ್ಲ. ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ."

"ನಿಜವಾಗ್ಲೂ?"

"ಆಗ್ತೀನಿ ಅಂದೆನಲ್ಲ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ಭುಜ ಮಾತ್ರ ಅಲುಗುತ್ತಿತ್ತು. ಅದು ನಿಲ್ಲುವವರೆಗೆ ಕಾಯಲು ನನ್ನಲ್ಲಿ ತಾಳ್ಮೆ ಇರಲಿಲ್ಲ. ಫೋನ್ ಎಳೆದುಕೊಂಡು ಚಾಮರಾಜನಗರದ ನಂಬರ್ ಒತ್ತಿದೆ.

"ಚಿಕ್ಕಪ್ಪಾ, ನಾನು ಶೋಭಾ. ಭಾನುವಾರ ಬನ್ನಿ. ಆದ್ರೆ ಮೇಷ್ಟ್ರನ್ನ ಕರ್ಕೊಂಡು ಬರಬೇಡಿ. ಇಲ್ಲ, ಅವರದ್ದೇನೂ ತಪ್ಪಿಲ್ಲ. ಹುಡುಗ ಇಲ್ಲೇ ಇದಾರೆ."

ಯಾರು, ಎಲ್ಲಿಯವರು, ಯಾವಾಗಿನಿಂದ ಎಂದು ಚಿಕ್ಕಪ್ಪ ಒಂದೇ ಉಸಿರಿಗೆ ಕೇಳತೊಡಗಿದರು. ಉತ್ತರಿಸಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ರಿಸೀವರನ್ನು ನಂಜುಂಡೇಶ್ ಕೈಗೆ ಕೊಟ್ಟು, ಅವರ ತೋಳಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದೆ.

ಅವರು ಗಂಟಲು ಸರಿಮಾಡಿಕೊಂಡರು.

"ನಮಸ್ಕಾರ ಸಾರ್. ನಾನು ನಂಜುಂಡೇಶ ಅಂತ. ಎದುರಂಗಡಿ."