ಬೇಲಿ ಕಿತ್ತ ಮೇಲೆ

ತಮ್ಮನು ಇಪ್ಪತ್ತು ವರ್ಷ ಕೈ ಗೀರಿಸಿಕೊಂಡು ಕಟ್ಟಿದ ತಂತಿ ಬೇಲಿಯನ್ನು ಅಣ್ಣ ಒಂದೇ ವಾರದಲ್ಲಿ ಕೀಳಿಸಿ ಗುಜರಿಗೆ ಹಾಕಿದ. ಆ ದುಡ್ಡು ಸಾಲದೆ ತಮ್ಮನ ಪಾಲಿನ ದುಡ್ಡನ್ನೂ ಸೇರಿಸಿ ದನಗಳ ಕೊರಳಿಗೆ ಪಟ್ಟಿ ತಂದ. ಫೋನಿನಲ್ಲಿ ಗೆರೆ ಎಳೆದರೆ ಅದೇ ಬೇಲಿ, ಒಂದೊಂದು ಪಟ್ಟಿಯೂ ಅಲ್ಲಿ ಒಂದೊಂದು ಚುಕ್ಕಿ. ದನ ಗೆರೆಯ ಹತ್ತಿರ ಹೋದರೆ ಪಟ್ಟಿ ಬೀಪ್ ಬೀಪ್ ಎನ್ನುತ್ತದೆ. ಆಗಲೂ ತಿರುಗದಿದ್ದರೆ ಚುರುಕ್ಕೆಂದು ಕರೆಂಟು ಮುಟ್ಟಿಸುತ್ತದೆ. ಕೊಂಡರೆ ಮುಗಿಯಲಿಲ್ಲ, ಕೊರಳಿಗಿಷ್ಟು ಎಂದು ವರ್ಷವರ್ಷ ಬಾಡಿಗೆ ಬೇರೆ.

"ಇನ್ಮೇಲೆ ಮಳೆ ಬಿಸಿಲಲ್ಲಿ ಒದ್ದಾಡೋದು ತಪ್ತಲ್ಲೋ ನಿಂಗೆ," ಎಂದ ಅಣ್ಣ.

"ನನ್ನ ಪಾಲಿನ ದುಡ್ಡು?"

"ಎಲ್ಲಿಗೆ ಹೋಗುತ್ತೆ? ದನದ ಕೊರಳಲ್ಲೇ ಇದೆ."

ಅತ್ತಿಗೆ ನಕ್ಕಳು. ತಮ್ಮನಿಗೆ, ಅಂದರೆ ಎಲ್ಲರೂ ಬೇಲಿಯಪ್ಪ ಎಂದೇ ಕರೆಯುವ ಆ ಮನುಷ್ಯನಿಗೆ, ಮೈಯೆಲ್ಲ ಉರಿಯಿತು. ಅತ್ತಿಗೆಯ ಅಡುಗೆಮನೆಗೆ ಇನ್ನು ಕಾಲಿಡಲ್ಲ ಎಂದು ಅವನ ಹೆಂಡತಿ ತವರಿಗೆ ಹೋಗಿ ಕೂತಿದ್ದಳು. ಬೇರೆ ಮನೆ ಮಾಡಿದ ದಿನ ಬರುತ್ತೇನೆ ಎಂದಿದ್ದಳು. ಆ ಮನೆ ಈಗ ದನಗಳ ಕೊರಳಲ್ಲಿ ನೇತಾಡುತ್ತಿತ್ತು.

ಸಾಲದ್ದಕ್ಕೆ ದನಗಳನ್ನು ಪಟ್ಟಿಗೆ ಪಳಗಿಸುವ ಕೆಲಸವೂ ಅವನ ತಲೆಗೇ ಬಿತ್ತು. ಬೀಪ್ ಕೇಳಿದೊಡನೆ ಮನೆಯ ಕಡೆ ತಿರುಗಿ ಓಡಬೇಕು ಎಂದು ಕಡಸುಗಳ ಹಿಂದೆ ಅಲೆದಲೆದು ಕಲಿಸಿದ. ಎಷ್ಟೇ ಹೊಟ್ಟೆಯುರಿಯಿದ್ದರೂ ಅರೆಬರೆ ಕೆಲಸ ಅವನಿಗೆ ಆಗಿಬರದು.

ಉಪಾಯ ಹೊಳೆದದ್ದೂ ಆಗಲೇ. ಮೊದಲ ಕರುವಿಗೆ ಗಬ್ಬವಾದ ಕಡಸುಗಳು ಹನ್ನೆರಡಿವೆ, ಒಳ್ಳೆ ಬೆಲೆಯವು. ಅವುಗಳ ಪಟ್ಟಿ ಬಿಚ್ಚಿ ಮುದಿ ಹಸುಗಳಿಗೆ ಎರಡನೇ ಪಟ್ಟಿಯಾಗಿ ಕಟ್ಟಿಬಿಟ್ಟರೆ ಅತ್ತಿಗೆಯ ಫೋನಿನಲ್ಲಿ ಎಲ್ಲ ಚುಕ್ಕಿಗಳೂ ಹಾಯಾಗಿ ಮೇಯುತ್ತಿರುತ್ತವೆ. ಮಾರಾಟ ಮುಗಿದ ಮೇಲೆ ಪಟ್ಟಿಗಳನ್ನು ಗೆರೆಯಾಚೆ ಎಸೆದರಾಯಿತು. ಕಡಸುಗಳು ಕಳಚಿಕೊಂಡು ಓಡಿದವು, ಪಟ್ಟಿ ಕೈಕೊಟ್ಟಿತು ಎಂದು ಅಣ್ಣ ಕಂಪನಿಯವರ ಮೇಲೆ ಹಾರಾಡಲಿ. ತನಗೆ ಮನೆ, ಅಣ್ಣನಿಗೆ ಬುದ್ಧಿ, ಎರಡೂ ಒಟ್ಟಿಗೆ ಆಗುತ್ತವೆ.

ಗುಟ್ಟಾಗಿ ಒಬ್ಬ ದನದ ದಲ್ಲಾಳಿಯನ್ನು ಗೊತ್ತುಮಾಡಿದ, ಆದರೆ ಅವನ ಹಳೇ ಲಾರಿಗೆ ಬೇಲಿಯಪ್ಪ ಒಪ್ಪಲಿಲ್ಲ. "ಅದು ಬಂದ್ರೆ ಸತ್ತೋರೂ ಎದ್ದು ಕೂರ್ತಾರೆ. ಬೇರೆ ತಗೊಂಡ್ಬಾ."

"ಹೊಸದೇ ತರ್ತೀನಿ ಬಿಡಿ. ಎಂಜಿನ್ ಬೆಕ್ಕಿನ ಹಾಗಿದೆ. ಹಾರ್ನ್ ಮುಟ್ಟೋದೇ ಇಲ್ಲ."

ಅಣ್ಣ ಪಟ್ಟಿಯ ಬಾಡಿಗೆ ಕಟ್ಟಲು ಪೇಟೆಗೆ ಹೋದ ಮಧ್ಯಾಹ್ನ ಅವನು ಕೆಲಸಕ್ಕಿಳಿದ. ಹಿತ್ತಲಿನ ಓಣಿಗೆ ಎರಡೂ ಕಡೆ ಆಳೆತ್ತರದ ಕಲ್ಲುಗೋಡೆ. ಮನೆಯ ಕಡೆಯ ತುದಿಯಲ್ಲಿ ಅಷ್ಟೇ ಎತ್ತರದ ಗೇಟು, ಅಪ್ಪನ ಜೊತೆ ಅವನು ಕಟ್ಟಿದ ಮೊದಲ ಗೇಟು. ಅದೊಂದನ್ನು ಮಾರಬೇಡ ಎಂದು ಅಣ್ಣನ ಕೈಕಾಲು ಹಿಡಿದು ಉಳಿಸಿಕೊಂಡಿದ್ದ. ಬರಿಗೊರಳಿನ ಕಡಸುಗಳನ್ನು ಓಣಿಗೆ ಹೊಡೆದು, ತಾನೂ ಒಳಗೆ ಬಂದು, ಒಂದೂ ಹಿಂದಕ್ಕೆ ನುಸುಳದ ಹಾಗೆ ಗೇಟನ್ನು ತಂತಿಯಿಂದ ಬಿಗಿದ. ಅಪ್ಪ ನೆನಪಾದ. ಆದರೂ ಇನ್ನೊಂದು ಸುತ್ತು ಹೆಚ್ಚಿಗೆ ತಿರುಚಿದ. ಕಡಸುಗಳು ಮುಂದೆ, ಅವನು ಹಿಂದೆ, ಅವನ ಬೆನ್ನಿಗೆ ಗೇಟು. ಲಾರಿ ಬಂದು ನಿಂತರೆ ಅಟ್ಟುವುದಷ್ಟೇ ಬಾಕಿ.

ಓಣಿ ಇಕ್ಕಟ್ಟು, ಆಚೆ ತುದಿಯಿಂದ ಲಾರಿ ರಿವರ್ಸ್‌ನಲ್ಲೇ ಬರಬೇಕು. ಬಂತು. ದಲ್ಲಾಳಿ ಮಾತಿಗೆ ತಪ್ಪಲಿಲ್ಲ, ಎಂಜಿನ್ನಿನ ಸದ್ದೇ ಇಲ್ಲ, ಹಾರ್ನ್ ಇಲ್ಲ. ಹಿಂದಕ್ಕೆ ಬರುವಾಗ ಹೊಸ ಲಾರಿಗಳೆಲ್ಲ ಮಾಡುವ ಸದ್ದೊಂದನ್ನು ಮಾತ್ರ ಅದೂ ಮಾಡಿತು: ಬೀಪ್, ಬೀಪ್, ಬೀಪ್. ಹನ್ನೆರಡೂ ಕಡಸುಗಳ ಕಿವಿ ನೆಟ್ಟಗಾದವು. ಕೊರಳಲ್ಲಿ ಪಟ್ಟಿ ಇಲ್ಲವೆಂಬುದು ಅವಕ್ಕೇನು ಗೊತ್ತು? ಅವನು ಕಲಿಸಿದ್ದನ್ನು ಒಂದೂ ಮರೆತಿರಲಿಲ್ಲ. ಎಲ್ಲವೂ ಒಟ್ಟಿಗೆ ಮನೆಯ ಕಡೆ ತಿರುಗಿ ಓಡಿದವು. ಬೇಲಿಯಪ್ಪ ಗೇಟಿಗೆ ಬೆನ್ನು ಒತ್ತಿ, ಕೈ ಹಿಂದೆ ಚಾಚಿ ತಂತಿಯ ಗಂಟು ಬಿಚ್ಚಲು ನೋಡಿದ. ಅದು ಬಿಚ್ಚಲಿಲ್ಲ. ಅವನು ಕಟ್ಟಿದ್ದು ಯಾವತ್ತೂ ಸಡಿಲವಾದದ್ದಿಲ್ಲ.