ಪಾರಿವಾಳದ ಪೆಟ್ಟಿಗೆ

ಜಾದೂಗಾರರ ಹಳೆಯ ಸಾಮಾನುಗಳನ್ನು ಏಲಂನಲ್ಲಿ ಕೊಳ್ಳುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಕೊಡಿಯಾಲ್‌ಬೈಲಿನ ಏಲಂನಲ್ಲಿ, ತೀರಿಹೋದ ಒಬ್ಬ ಜಾದೂಗಾರ ಪಾರಿವಾಳ ಮಾಯ ಮಾಡುತ್ತಿದ್ದ ಪೆಟ್ಟಿಗೆ ನನಗೆ ಸಿಕ್ಕಿತು. ನಮ್ಮ ಮಗಳು ಗುಲಾಬಿ ತೀರಿಕೊಂಡು ಆಗ ನಾಲ್ಕು ತಿಂಗಳು. ಹೆಂಡತಿ ಅಮ್ಮಣಿ ಗಂಜಿತಿಳಿ ಬಿಟ್ಟು ಬೇರೇನೂ ಮುಟ್ಟದೆ ದಿನದಿನಕ್ಕೆ ಸೊರಗುತ್ತಿದ್ದಳು.

ಮನೆಗೆ ತಂದು ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಆದರೆ ತಳ ಮುಟ್ಟಿದರೆ, ಕಾವಿಗೆ ಕೂತ ಕೋಳಿ ಈಗಷ್ಟೇ ಎದ್ದುಹೋದ ಜಾಗದಂತೆ ಬೆಚ್ಚಗಿತ್ತು. ಪಾರಿವಾಳ ಅಡಗಿಸುವ ಕಳ್ಳತಳವನ್ನೂ ಬಿಚ್ಚಿ ನೋಡಿದೆ, ಬರೀ ಮರ. ಮರುದಿನ ಮಧ್ಯಾಹ್ನ ಒಳಗಿನಿಂದ ರೆಕ್ಕೆ ಕೊಡವಿದ ಸದ್ದು ಬಂತು.

ಅಮ್ಮಣಿ ಚಾಪೆಯಿಂದ ಎದ್ದು ಬಂದಳು. ಬಾಳೆ ಎಲೆಯ ತುಂಡಿನಲ್ಲಿ ಅನ್ನ ಹಾಕಿ ಒಳಗಿಟ್ಟಳು.

"ಎಂತ ಮಾರಾಯ್ತಿ, ಖಾಲಿ ಪೆಟ್ಟಿಗೆಗೆ ಬಡಿಸುವುದಾ?"

"ಖಾಲಿ ಅಂತ ನಿಮಗೆ ಯಾರು ಹೇಳಿದ್ದು? ಪಾಪ, ಹಸಿವು ಉಂಟು ಅದಕ್ಕೆ."

ನಮ್ಮಲ್ಲಿ ತೀರಿಹೋದವರಿಗೆ ಬಡಿಸಿದ ಮೇಲೆ, ಬಡಿಸಿದವರು ಊಟ ಬಿಡುವ ಹಾಗಿಲ್ಲ. ಅವಳೂ ಎಲೆ ಹಾಕಿ ಕೂತು ಉಂಡಳು. ಆ ಮೇಲೆ ದಿನವೂ ಹಾಗೆಯೇ.

ಹತ್ತು ವರ್ಷವಾಯಿತು. ಅಮ್ಮಣಿ ಈಗ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ಅವಳು ಬಡಿಸಿದ ಕೂಡಲೇ ಪೆಟ್ಟಿಗೆಗೆ ಬೀಗ ಹಾಕುವವನು ನಾನೇ, ಬೀಗದ ಕೈ ನನ್ನ ಸೊಂಟದಲ್ಲಿಯೇ ಇರುತ್ತದೆ. ಸಂಜೆ ತೆಗೆದರೆ ಎಲೆ ಇರುತ್ತದೆ, ಒಂದು ಅಗುಳೂ ಇರುವುದಿಲ್ಲ.